ಮಾರ್ವೆಲ್ ಅನ್‌ಲಿಮಿಟೆಡ್: 2021ರಿಂದ ಓದುತ್ತಿರುವವನ ಅಭಿಪ್ರಾಯ

ಮಾರ್ವೆಲ್ ಕಂಪನಿಯ ಕಾಮಿಕ್ಸನ್ನು ಚಂದಾ ಕಟ್ಟಿ ಓದುವ ಮಾರ್ವೆಲ್ ಅನ್‌ಲಿಮಿಟೆಡ್ ಆ್ಯಪ್‌ಗೆ ನಾನು ಸೇರಿದ್ದು 2021ರ ಕೊನೆಗೆ. ಆ ಸೆಪ್ಟೆಂಬರಿನಲ್ಲಿ ಅವರು ಆ್ಯಪನ್ನು ಪೂರ್ತಿ ಹೊಸದು ಮಾಡಿದ್ದರು. ಎಷ್ಟು ಬೇಕಾದರೂ ಕಾಮಿಕ್ಸ್ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಬಹುದು ಅಂತಾಯಿತು. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ, ತೋಟದ ನಡುವೆ. ಆಟಿ ತಿಂಗಳ ಮಳೆಗೆ ಕರೆಂಟು ಹೋದರೆ ನೆಟ್ ಕೂಡ ಹೋಗುತ್ತದೆ, ಮತ್ತೆ ಯಾವಾಗ ಬರುತ್ತದೆ ಅಂತ ಹೇಳುವವರಿಲ್ಲ. ಹಾಗಾಗಿ ನನಗೆ ಈ ಒಂದು ಸೌಲಭ್ಯವೇ ಸಾಕಾಗಿತ್ತು.

ಮೊದಲೇ ಹೇಳಿಬಿಡುತ್ತೇನೆ. ಹೊಸ ಸಂಚಿಕೆಯನ್ನು ಬಂದ ದಿನವೇ ಓದಬೇಕು ಅನ್ನುವವರಿಗೆ ಇದು ಆಗುವುದಿಲ್ಲ. ಅಂಗಡಿಗೆ ಬಂದ ಕಾಮಿಕ್ಸ್ ಇಲ್ಲಿಗೆ ಬರಲು ಮೂರು ತಿಂಗಳಾದರೂ ಬೇಕು. ಆದರೆ ಒಬ್ಬ ಬರಹಗಾರ ಒಂದು ಪಾತ್ರವನ್ನು ಹಿಡಿದು ವರ್ಷಗಟ್ಟಲೆ ಬರೆದದ್ದನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೇ ಸಮನೆ ಓದುವ ಆಸೆ ಇದ್ದರೆ, ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ನಾನು ಕಂಡಿಲ್ಲ.

ದುಡ್ಡಿನ ಲೆಕ್ಕ. ನಾನು ಸೇರಿದಾಗ ತಿಂಗಳಿಗೆ 9.99 ಡಾಲರ್, ವರ್ಷಕ್ಕೆ 69 ಡಾಲರ್ ಇತ್ತು. ನಮ್ಮ ದುಡ್ಡಲ್ಲಿ ವರ್ಷಕ್ಕೆ ಐದು ಸಾವಿರದ ಮೇಲೆ. ಅಮೆರಿಕದಲ್ಲಿ ಒಂದು ಸಂಚಿಕೆಗೇ ನಾಲ್ಕೈದು ಡಾಲರ್, ಅಂದರೆ ಹದಿನೈದು ಸಂಚಿಕೆಯ ದುಡ್ಡಿಗೆ 30,000ಕ್ಕೂ ಜಾಸ್ತಿ ಕಾಮಿಕ್ಸ್ ಕೈಗೆ ಸಿಗುತ್ತವೆ. ಪುಸ್ತಕವನ್ನೇ ತರಿಸೋಣ ಅಂತ ನಾನೂ ನೋಡಿದೆ. ಒಂದು ಆನ್‌ಲೈನ್ ಅಂಗಡಿಯಿಂದ ತರಿಸಿದ ದಪ್ಪ ಪುಸ್ತಕ ನಾಲ್ಕೂ ಮೂಲೆ ಜಜ್ಜಿ ಬಂತು. ಮಳೆಗಾಲದಲ್ಲಿ ಆ ನುಣುಪು ಹಾಳೆಗಳು ಒಂದಕ್ಕೊಂದು ಅಂಟಿ ಬೂಷ್ಟು ಹಿಡಿದವು. ಕಾಸರಗೋಡಿನ ಹವೆಗೆ ಅಂಥ ಪುಸ್ತಕ ಇಟ್ಟು ಸಾಕುವುದು ಕಷ್ಟ. ಆದರೆ ಒಂದು ಮಾತು ನೆನಪಿರಲಿ, ಇಲ್ಲಿ ನಿಮ್ಮದು ಅಂತ ಏನೂ ಇಲ್ಲ. ಚಂದಾ ನಿಲ್ಲಿಸಿದ ದಿನ ಡೌನ್‌ಲೋಡ್ ಮಾಡಿದ್ದೂ ತೆರೆಯುವುದಿಲ್ಲ.

ದುಡ್ಡು ಕಟ್ಟುವುದೇ ಒಂದು ತಲೆನೋವಾಗಿತ್ತು. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂತಲ್ವಾ, ಕಾರ್ಡಿನಿಂದ ಪ್ರತಿ ತಿಂಗಳೂ ತಾನಾಗಿ ದುಡ್ಡು ಕಡಿತ ಆಗಬೇಕಾದರೆ ಗ್ರಾಹಕನೇ ಮೊದಲು ಅನುಮತಿ ನೋಂದಾಯಿಸಬೇಕು ಅಂತ. ನಿಯಮ ಒಳ್ಳೆಯದೇ. ಆದರೆ ನನ್ನ ಬ್ಯಾಂಕಿನಲ್ಲಿ ಅದನ್ನು ಎಲ್ಲಿ ನೋಂದಾಯಿಸುವುದು ಅಂತ ಕೌಂಟರಿನಲ್ಲಿ ಕೂತವರಿಗೂ ಗೊತ್ತಿರಲಿಲ್ಲ. ಕೊನೆಗೆ ಫೋನಿನ ಆ್ಯಪ್ ಸ್ಟೋರ್ ಮೂಲಕ ಕಟ್ಟಿದೆ. ಆಮೇಲೆ ತೊಂದರೆ ಇಲ್ಲ.

ಇನ್ನು ನಿಜವಾದ ವಿಷಯ, ಓದು.

ನಾನು ಮೊದಲು ಪೂರ್ತಿ ಓದಿದ್ದು ಆಲ್ ಯೂಯಿಂಗ್ ಬರೆದ ಇಮ್ಮಾರ್ಟಲ್ ಹಲ್ಕ್. 2018ರಿಂದ 2021ರವರೆಗೆ ಬಂದ 50 ಸಂಚಿಕೆಗಳು. ಹಲ್ಕ್ ಅಂದರೆ ಗೋಡೆ ಒಡೆಯುವವನು ಅಂತ ತಿಳಿದವರು ಇದನ್ನು ಓದಬೇಕು. ಇದು ಭಯದ ಕಥೆ. ಬ್ರೂಸ್ ಬ್ಯಾನರ್ ಹಗಲು ಸಾಯುತ್ತಾನೆ, ರಾತ್ರಿ ಅವನ ಮೈಯಿಂದ ಹಲ್ಕ್ ಏಳುತ್ತಾನೆ. ಹೊಡೆಯುವ ಅಪ್ಪನ ಕೈಯಲ್ಲಿ ಬೆಳೆದ ಮಗು ದೊಡ್ಡವನಾದ ಮೇಲೆ ಆ ಸಿಟ್ಟನ್ನು ಎಲ್ಲಿಟ್ಟುಕೊಳ್ಳುತ್ತದೆ ಅನ್ನುವುದು ಇಡೀ ಕಥೆಯ ಬೇರು. ತಿಂಗಳಿಗೊಂದು ಸಂಚಿಕೆ ಓದುತ್ತಿದ್ದರೆ ಆ ಬೇರು ಕಾಣುತ್ತಿರಲಿಲ್ಲ. ಸಾಲಾಗಿ ಓದಿದ್ದರಿಂದ ಕಂಡಿತು.

ಆಮೇಲೆ ಡೇರ್‌ಡೆವಿಲ್. 2019ರಲ್ಲಿ ಚಿಪ್ ಝಡಾರ್ಸ್ಕಿ ಮತ್ತು ಚಿತ್ರಕಾರ ಮಾರ್ಕೋ ಕೆಕೆಟ್ಟೊ ಶುರು ಮಾಡಿದ್ದು. ಡೇರ್‌ಡೆವಿಲ್ ಕೈಯಲ್ಲಿ ಒಬ್ಬ ಕಳ್ಳ ಸಾಯುತ್ತಾನೆ. ಕೊಲ್ಲಬೇಕು ಅಂತ ಹೊಡೆದದ್ದಲ್ಲ, ಆದರೂ ಆ ಮನುಷ್ಯ ಸತ್ತಿದ್ದಾನೆ. ಬೇರೆ ಕಡೆ ಆಗಿದ್ದರೆ ನಾಲ್ಕು ಸಂಚಿಕೆಯಲ್ಲಿ ಇದು ಮರೆತುಹೋಗುತ್ತಿತ್ತು. ಇಲ್ಲಿ ಅವನು ಕೊನೆಗೆ ಜೈಲಿಗೆ ಹೋಗುತ್ತಾನೆ. ಮಾಡಿದ್ದಕ್ಕೆ ಬೆಲೆ ಕಟ್ಟುವ ಸೂಪರ್‌ಹೀರೋ ಎಷ್ಟು ಜನ ಇದ್ದಾರೆ ಹೇಳಿ!

ಎಕ್ಸ್‌ಮೆನ್‌ನ ಕ್ರಾಕೋವ ಕಾಲ ನನಗೆ ತುಂಬಾ ಹತ್ತಿರ, ತುಂಬಾ ನೋವು ಕೊಟ್ಟದ್ದೂ ಅದೇ. 2019ರಲ್ಲಿ ಜೊನಾಥನ್ ಹಿಕ್‌ಮನ್ ಜೋಡಿ ಸರಣಿಯಲ್ಲಿ ಶುರು ಮಾಡಿದಾಗ ಮ್ಯೂಟೆಂಟುಗಳಿಗೆ, ಅಂದರೆ ಹುಟ್ಟಿನಿಂದಲೇ ವಿಶೇಷ ಶಕ್ತಿ ಇರುವವರಿಗೆ, ಕ್ರಾಕೋವ ಅನ್ನುವ ಒಂದು ದ್ವೀಪ, ಒಂದು ದೇಶ, ಅವರದೇ ಕಾನೂನು, ಅವರದೇ ಭಾಷೆ ಸಿಕ್ಕಿತು. ಸತ್ತವರನ್ನು ಮತ್ತೆ ಬದುಕಿಸುವ ದಾರಿಯನ್ನೂ ಅವರು ಕಂಡುಕೊಂಡರು. ಎರಡು ರಾಜ್ಯಗಳ ನಡುವೆ, ಮನೆಯಲ್ಲಿ ಒಂದು ಮಾತು, ಆಫೀಸಿನ ಫಾರಂನಲ್ಲಿ ಇನ್ನೊಂದು ಮಾತು ಅಂತ ಬದುಕುವ ನಮ್ಮಂಥವರಿಗೆ ಆ ಕಥೆ ಎಲ್ಲಿ ತಾಗುತ್ತದೆ ಅಂತ ವಿವರಿಸಬೇಕಿಲ್ಲ. ಆದರೆ 2021ರ ಕೊನೆಗೆ ಹಿಕ್‌ಮನ್ ಹೊರಟುಹೋದರು. ಕಥೆ ಮಾತ್ರ 2024ರವರೆಗೆ ನಡೆಯಿತು. ಸಾಲಾಗಿ ಓದುವಾಗ ಆ ಜಾಗ ಚೆನ್ನಾಗಿ ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಒಳ್ಳೆಯ ಸಂಚಿಕೆಗಳು ಇವೆ, ಬೇಕಾದಷ್ಟಿವೆ, ಆದರೆ ಎಲ್ಲಿಗೆ ಹೋಗುತ್ತಿದ್ದೇವೆ ಅಂತ ತಿಳಿದ ಒಬ್ಬರೂ ಮುಂದೆ ನಿಂತಿಲ್ಲ. ಕೊನೆಗೆ ದ್ವೀಪ ಹೋಯಿತು, ಹಳೆಯ ತಂಡಗಳು ಹಳೆಯ ಹಾಗೇ ಬಂದವು. ನನಗೆ ಇದು ಇಷ್ಟವಾಗಲಿಲ್ಲ. ಇಷ್ಟು ದೊಡ್ಡ ಬದಲಾವಣೆ ಮಾಡಿ ಮತ್ತೆ ಅಳಿಸುವುದು ಓದಿದವರಿಗೆ ಮಾಡುವ ಮೋಸ.

ಕಮಲಾ ಖಾನ್ ವಿಷಯದಲ್ಲಿ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. 2014ರಲ್ಲಿ ಜಿ. ವಿಲ್ಲೋ ವಿಲ್ಸನ್ ಮತ್ತು ಏಡ್ರಿಯನ್ ಆಲ್ಫೋನ ಶುರು ಮಾಡಿದ, ಅವಳೇ ನಾಯಕಿಯಾದ ಮಿಸ್ ಮಾರ್ವೆಲ್ ಓದಿ ನೋಡಿ. ಜರ್ಸಿ ಸಿಟಿಯ ಆ ಮನೆ, ಬೈಯುವ ಅಮ್ಮ, ನಮಾಜು ತಪ್ಪಿಸದ ಅಣ್ಣ, ರಾತ್ರಿ ಹೊರಗೆ ಬಿಡದ ಅಪ್ಪ. ಉಪ್ಪಳ, ಕುಂಬಳೆ ಕಡೆಯಿಂದ ಬಂದು ನಮ್ಮ ಜೊತೆ ಕಲಿತ ಹುಡುಗಿಯರ ಮನೆಯೂ ಹೀಗೇ ಇತ್ತು. ಅಂಥ ಹುಡುಗಿಯನ್ನು 2023ರ ಮೇ ತಿಂಗಳಲ್ಲಿ ಸ್ಪೈಡರ್‌ಮ್ಯಾನಿನ ಪುಸ್ತಕದಲ್ಲಿ ಕೊಂದರು. ಅವಳದೇ ಪುಸ್ತಕದಲ್ಲಿ ಕೂಡ ಅಲ್ಲ! ಎರಡೇ ತಿಂಗಳಲ್ಲಿ ಮ್ಯೂಟೆಂಟ್ ಮಾಡಿ ಎಬ್ಬಿಸಿದರು. ಟಿವಿ ಸರಣಿಯಲ್ಲಿ ಅವಳು ಮ್ಯೂಟೆಂಟ್ ಆಗಿದ್ದಳು, ನವೆಂಬರಿನಲ್ಲಿ ಸಿನಿಮಾ ಬರುವುದಿತ್ತು. ಸಿನಿಮಾಕ್ಕೆ ಹೊಂದಿಸಲು ಕಾಮಿಕ್ಸಿನ ಪಾತ್ರವನ್ನು ತಿದ್ದುವುದು ನನಗೆ ಯಾವತ್ತೂ ಸರಿ ಕಾಣುವುದಿಲ್ಲ.

ಸತ್ತವರು ಎದ್ದು ಬರುತ್ತಾರೆ, ಕಥೆ ಮುಗಿಯುವುದೇ ಇಲ್ಲ, ಇದನ್ನೆಲ್ಲ ಯಾಕೆ ಓದುತ್ತೀ ಅಂತ ನನ್ನ ಭಾವ ಕೇಳುತ್ತಾನೆ. ಅವನೇ ಕರ್ಣಪರ್ವದ ತಾಳಮದ್ದಳೆ ಇದ್ದರೆ ನೀರ್ಚಾಲಿಗೋ ಪೆರ್ಲಕ್ಕೋ ಹೋಗಿ ಬೆಳಗಿನ ತನಕ ಕೂರುವವನು. ಕರ್ಣ ಸಾಯುತ್ತಾನೆ ಅಂತ ಯಾರಿಗೆ ಗೊತ್ತಿಲ್ಲ? ಈ ಅರ್ಥಧಾರಿ ಕರ್ಣನ ಬಾಯಲ್ಲಿ ಏನು ಹೇಳಿಸುತ್ತಾನೆ ಅಂತ ಕೇಳಲು ಹೋಗುತ್ತೇವೆ. ಒಳ್ಳೆಯ ಕಾಮಿಕ್ಸ್ ಬರಹಗಾರ ನನಗೆ ಹಾಗೇ. ಪ್ರಸಂಗ ಹಳೆಯದಾದರೆ ತೊಂದರೆ ಇಲ್ಲ, ಅರ್ಥ ಹೇಳುವವನಿಗೆ ಹೇಳಲು ಏನಾದರೂ ಇರಬೇಕು.

2024ರ ಜನವರಿಯಲ್ಲಿ ಹಿಕ್‌ಮನ್ ಮತ್ತು ಕೆಕೆಟ್ಟೊ ಸೇರಿ ಶುರು ಮಾಡಿದ ಅಲ್ಟಿಮೇಟ್ ಸ್ಪೈಡರ್‌ಮ್ಯಾನ್ ಅದಕ್ಕೇ ನನಗೆ ಇಷ್ಟು ಮೆಚ್ಚುಗೆ. ಇಲ್ಲಿ ಪೀಟರ್ ಪಾರ್ಕರ್ ಕಾಲೇಜು ಹುಡುಗನಲ್ಲ. ಮದುವೆಯಾಗಿದೆ, ಇಬ್ಬರು ಮಕ್ಕಳಿದ್ದಾರೆ, ಗಡ್ಡ ಬಿಟ್ಟಿದ್ದಾನೆ. ಬೆನ್ ದೊಡ್ಡಪ್ಪ ಬದುಕಿದ್ದಾರೆ, ಮೇ ದೊಡ್ಡಮ್ಮ ಇಲ್ಲ. ಬೆನ್ ಮತ್ತು ಪತ್ರಿಕೆಯ ಸಂಪಾದಕ ಜೇಮ್ಸನ್ ಇದ್ದ ಕೆಲಸ ಬಿಟ್ಟು ತಮ್ಮದೇ ಪತ್ರಿಕೆ ಶುರು ಮಾಡುವ ಭಾಗ ಎಷ್ಟು ಚೆನ್ನಾಗಿದೆ ಅಂದರೆ, ಅದರಲ್ಲಿ ಸ್ಪೈಡರ್‌ಮ್ಯಾನ್ ಬರದಿದ್ದರೂ ನಾನು ಓದುತ್ತಿದ್ದೆ. ಪ್ರತಿ ಸಂಚಿಕೆಗೆ ಕಥೆಯಲ್ಲೂ ಒಂದು ತಿಂಗಳು ಕಳೆಯುತ್ತದೆ. ಕಾಲ ಮುಂದೆ ಹೋಗುತ್ತದೆ! 1987ರಲ್ಲಿ ಪೀಟರನಿಗೂ ಮೇರಿ ಜೇನಳಿಗೂ ಮದುವೆ ಮಾಡಿಸಿ, 2007ರಲ್ಲಿ ಮೆಫಿಸ್ಟೋ ಅನ್ನುವ ಸೈತಾನನ ಜೊತೆ ಒಂದು ಒಪ್ಪಂದ ಅಂತ ಹೇಳಿ ಆ ಮದುವೆಯೇ ಆಗಿಲ್ಲ ಅನ್ನಿಸಿದರಲ್ಲ, ಆ ಕಥೆಯಿಂದ ನೊಂದವರಿಗೆ ಇದು ಮದ್ದು. ಎರಡನ್ನೂ ಇದೇ ಆ್ಯಪಿನಲ್ಲಿ ಪಕ್ಕಪಕ್ಕ ಇಟ್ಟು ಓದಬಹುದು.

ಡಿಸಿಯವರು 2024ರ ಅಕ್ಟೋಬರಿನಲ್ಲಿ ತಂದ ಆಬ್ಸಲ್ಯೂಟ್ ಬ್ಯಾಟ್‌ಮ್ಯಾನ್ ಇಲ್ಲಿ ಸಿಗುವುದಿಲ್ಲ, ಬೇರೆ ಕಂಪನಿ. ಗೆಳೆಯನ ಹತ್ತಿರ ಇಸಿದುಕೊಂಡು ಓದಿದೆ. ಬಂಗಲೆ ಇಲ್ಲದ, ದುಡ್ಡಿಲ್ಲದ ಬ್ರೂಸ್, ಬದುಕಿರುವ ಅಮ್ಮ. ಚೆನ್ನಾಗಿದೆ.

ದೊಡ್ಡ ಕೊರತೆ ಭಾಷೆ. ಎಲ್ಲವೂ ಇಂಗ್ಲಿಷ್. 2023ರ ಸ್ಪೈಡರ್‌ಮ್ಯಾನ್ ಅನಿಮೇಷನ್ ಸಿನಿಮಾ ಕನ್ನಡವೂ ಸೇರಿ ಭಾರತದ ಹಲವು ಭಾಷೆಗಳಲ್ಲಿ ಬಂತು, ಕಾಮಿಕ್ಸ್ ಮಾತ್ರ ಬರುವುದಿಲ್ಲ. ನಾನು ಬಾಲಮಂಗಳ ಪತ್ರಿಕೆಯ ಡಿಂಗನನ್ನು ಕನ್ನಡದಲ್ಲಿ ಓದಿ ಬೆಳೆದವನು, ಪಕ್ಕದ ಮನೆಯವರು ಅದೇ ಇಲಿಯ ಕಥೆಯನ್ನು ಮಲಯಾಳದಲ್ಲಿ ಓದುತ್ತಿದ್ದರು. ಈಗಿನ ಮಕ್ಕಳಿಗೆ ಆ ಸುಖ ಇಲ್ಲ. ಕನ್ನಡ ಮೀಡಿಯಂನಲ್ಲಿ ಕಲಿಯುವ ತಂಗಿಯ ಮಗನಿಗೆ ಈ ಆ್ಯಪಿನಲ್ಲಿ ದಕ್ಕಿದ್ದು ಇಟ್ಸ್ ಜೆಫ್ ಒಂದೇ. ಕೆಲ್ಲಿ ಥಾಂಪ್ಸನ್ ಮತ್ತು ಗುರಿಹಿರು ಮಾಡಿದ್ದು, ನೆಲದ ಮೇಲೆ ಓಡಾಡುವ ಶಾರ್ಕ್ ಮರಿಯ ಕಥೆ. ಮಾತು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಫೋನಿನಲ್ಲಿ ಮೇಲಿಂದ ಕೆಳಗೆ ಸರಿಸುತ್ತಾ ಓದುವ ಹಾಗೆ ಮಾಡಿದ್ದಾರೆ. "ಮಾವಾ, ಜೆಫ್ ಇನ್ನೊಂದು ಬಂತಾ?" ಅಂತ ಫೋನ್ ಮಾಡಿ ಕೇಳುತ್ತಾನೆ.

ಸಿನಿಮಾಗಳ ಬಗ್ಗೆ ಜಾಸ್ತಿ ಹೇಳಲು ನನಗೆ ಮನಸ್ಸಿಲ್ಲ. 2019ರ ಎಂಡ್‌ಗೇಮ್ ಆದ ಮೇಲೆ ಸುಮ್ನೆ ಒಂದರ ಬಾಲಕ್ಕೆ ಇನ್ನೊಂದು ಕಟ್ಟುತ್ತಾ ಹೋದರು. ಅದಕ್ಕಿಂತ 2021ರ ಮಲಯಾಳ ಸಿನಿಮಾ ಮಿನ್ನಲ್ ಮುರಳಿ ನನಗೆ ಮೇಲು. ಹಳ್ಳಿಯ ಟೈಲರ್ ಜೈಸನ್, ಅವನಿಗಿಂತ ಹೆಚ್ಚು ಕಾಡುವ ಶಿಬು. ಕಾಸರಗೋಡಿನವರಾದ ನಮಗೆ ಡಬ್ಬಿಂಗ್ ಇಲ್ಲದೆ ಅದು ಪೂರ್ತಿ ದಕ್ಕುತ್ತದೆ. 2025ರ ಲೋಕಾ ಕೂಡ ಹಾಗೇ, ಕಳ್ಳಿಯಂಕಾಟ್ಟು ನೀಲಿ ಅನ್ನುವ ಯಕ್ಷಿಯ ಹಳೆಯ ಕಥೆಯನ್ನು ಬೆಂಗಳೂರಿಗೆ ತಂದು ನಿಲ್ಲಿಸಿದರು.

ಇನ್ನು ಬಳಸುವವರಿಗೆ. ಹತ್ತು ಇಂಚಿನ ಟ್ಯಾಬ್ ಇದ್ದರೆ ಮಾತ್ರ ವರ್ಷದ ಚಂದಾ ಕಟ್ಟಿ. ಫೋನಿನಲ್ಲಿ ಒಂದೊಂದೇ ಚೌಕ ದೊಡ್ಡದಾಗಿ ತೋರಿಸುವ ವ್ಯವಸ್ಥೆ ಇದೆ, ಕಾಸರಗೋಡಿನಿಂದ ಮಂಗಳೂರಿಗೆ ರೈಲಿನಲ್ಲಿ ಹೋಗುವಾಗ ನಾನೂ ಹಾಗೆ ಓದುತ್ತೇನೆ. ಆದರೆ ಕೆಕೆಟ್ಟೊ ಎರಡು ಪುಟಕ್ಕೆ ಹರಡಿ ಬರೆದ ನಗರ ಅಲ್ಲಿ ಚೂರುಚೂರಾಗುತ್ತದೆ. ಮೊದಲು ಇಡೀ ಪುಟ ನೋಡಿ, ಆಮೇಲೆ ಬೇಕಾದರೆ ದೊಡ್ಡದು ಮಾಡಿ. ಟ್ಯಾಬ್ ಇಲ್ಲದವರು ಒಂದು ತಿಂಗಳಿಗೆ ಸೇರಿ, ಸೇರಿದ ದಿನವೇ ತಾನಾಗಿ ಮುಂದುವರಿಯುವುದನ್ನು ನಿಲ್ಲಿಸಿ, ಮಳೆಗಾಲ ನೋಡಿ ಸೇರಿದರೆ ಇನ್ನೂ ಒಳ್ಳೆಯದು. ಒಂದು ತಿಂಗಳಿಗೆ ಇಮ್ಮಾರ್ಟಲ್ ಹಲ್ಕ್ ಮತ್ತು ಡೇರ್‌ಡೆವಿಲ್ ಎರಡೂ ಆರಾಮಾಗಿ ಮುಗಿಯುತ್ತವೆ. ಡೇರ್‌ಡೆವಿಲ್ ಮೊದಲು ತೆಗೆಯಿರಿ.