ಕೈ ಹೋಗದ ವಿಶ್‌ಬೋನ್ ಬೋಲ್ಟ್‌ಗೆ ಯಾವ ಪಾನ? ನನ್ನ ವೋಟು ಕ್ರೋಫುಟ್‌ಗೆ

ಲೋಟಸ್ ಸೆವೆನ್ ಮಾದರಿಯ ಬ್ರಿಟಿಷ್ ಕಿಟ್ ಕಾರು (ಬಿಡಿಭಾಗ ತರಿಸಿ ನಾವೇ ಜೋಡಿಸೋ ಕಾರು) ಕಟ್ಟೋಕೆ ಹೊರಟವರು, ಚಕ್ರವನ್ನು ಚಾಸಿಗೆ ಹಿಡಿದಿಡೋ ಕವಲು ತೋಳಾದ ಮುಂದಿನ ವಿಶ್‌ಬೋನ್‌ನ ಒಳಬದಿ ಬೋಲ್ಟ್‌ಗಳಿಗಾಗಿ ಒಂದೇ ಒಂದು ಹೊಸ ಟೂಲ್ ತಗೊಳ್ಳೋದಾದರೆ, ರಿಂಗ್ ಬಾಯಿಯ ಕ್ರೋಫುಟ್ ತಗೊಳ್ಳಿ. ಹಿಡಿಯೇ ಇಲ್ಲದ ರಿಂಗ್ ಪಾನದ ತಲೆ ಅದು. ಹಿಂಬದಿಯ ಚೌಕದ ತೂತಿಗೆ ಟಾರ್ಕ್ ರೆಂಚ್ ಕೂರುತ್ತೆ, ಅಂದರೆ ಬೇಕಾದಷ್ಟು ಬಿಗಿ (ಟಾರ್ಕ್) ಬಂದಾಗ ಕ್ಲಿಕ್ ಅನ್ನೋ ಪಾನ. ಯೂನಿವರ್ಸಲ್ ಜಾಯಿಂಟ್ ಸಾಕೆಟ್, ಬಗ್ಗುವ ತಲೆಯ ರ‍್ಯಾಚೆಟ್ ರಿಂಗ್, ಗ್ರೈಂಡರ್‌ನಲ್ಲಿ ಕುಯ್ದ ಮೋಟು ಪಾನ, ಈ ಮೂರನ್ನೂ ಬಳಸಿಯೇ ಈ ಮಾತು ಹೇಳ್ತಿರೋದು.

ಬೋಲ್ಟ್ ಹಾಕುವಾಗ ಜಾಗ ಬೇಕಾದಷ್ಟು ಇರುತ್ತೆ, ಬರೀ ಚಾಸಿ ತಾನೇ. ತೊಂದರೆ ಶುರುವಾಗೋದು ಕೊನೇ ಬಿಗಿಯಲ್ಲಿ. ವಿಶ್‌ಬೋನ್ ಕೀಲಿನಲ್ಲಿ, ಬೋಲ್ಟ್ ಹಾಯೋ ಕಬ್ಬಿಣದ ಸ್ಲೀವ್‌ಗೆ (ಕೊಳವೆ) ಅಂಟಿದ ರಬ್ಬರ್ ಬುಷ್ ಇದ್ದರೆ, ಗಾಡಿ ತನ್ನ ಭಾರದಲ್ಲಿ ಕೂತ ಎತ್ತರದಲ್ಲೇ ಬಿಗಿ ಮಾಡಬೇಕು. ಚಕ್ರ ನೇತಾಡುತ್ತಿರುವಾಗ ಬಿಗಿ ಮಾಡಿದರೆ ಒಳಗಿನ ಸ್ಲೀವ್ ಅದೇ ಕೋನದಲ್ಲಿ ಕಚ್ಚಿಕೊಳ್ಳುತ್ತೆ. ಗಾಡಿ ಕೆಳಗಿಳಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತೆ, ಬೇಗ ಹರಿಯುತ್ತೆ. ಆದರೆ ಆ ಎತ್ತರಕ್ಕೆ ಬರೋ ಹೊತ್ತಿಗೆ ಎಂಜಿನ್, ರೇಡಿಯೇಟರ್, ಡ್ಯಾಂಪರ್ ಎಲ್ಲ ಕೂತಿರುತ್ತೆ, ನಟ್ಟು ಎರಡು ಪೈಪುಗಳ ಮಧ್ಯೆ ಅಡಗಿರುತ್ತೆ. ಪಾಲಿಯುರೆಥೇನ್ ಬುಷ್ ಆದರೆ ಸ್ಲೀವ್ ಮೇಲೆ ಅದೇ ತಿರುಗುತ್ತೆ, ಮೊದಲೇ ಬಿಗಿ ಮಾಡಿ ಮುಗಿಸಬಹುದು. ಅಂಥವರಿಗೆ ಮುಂದಿನ ಅರ್ಧ ಲೇಖನ ಬೇಕಾಗಿಲ್ಲ.

ಯೂನಿವರ್ಸಲ್ ಜಾಯಿಂಟ್ ನೋಡೋಕೆ ಚೆನ್ನ, ನಟ್ಟು ಓಡಿಸೋಕೂ ಚೆನ್ನ. ಬಿಗಿ ಅಳೆಯೋಕೆ ಬೇಡ. 30 ಡಿಗ್ರಿ ಬಗ್ಗಿಸಿದರೆ ರೆಂಚ್‌ನಲ್ಲಿ 80 ನ್ಯೂಟನ್ ಮೀಟರ್ ಕ್ಲಿಕ್ ಅಂದಾಗ ನಟ್ಟಿಗೆ ಸಿಗೋದು 69ರಿಂದ 92ರವರೆಗೆ ಎಷ್ಟು ಬೇಕಾದರೂ ಇರಬಹುದು, ಜಾಯಿಂಟ್ ಯಾವ ಸುತ್ತಿನಲ್ಲಿ ನಿಂತಿದೆ ಅನ್ನೋದರ ಮೇಲೆ. ಸಾಲದ್ದಕ್ಕೆ ಪಕ್ಕಕ್ಕೆ ತಳ್ಳಿ ಮೂಲೆ ಸವೆಸುತ್ತೆ. 15 ಡಿಗ್ರಿಯೊಳಗೆ ವಾಲುವ ವಾಬಲ್ ಎಕ್ಸ್‌ಟೆನ್ಷನ್ ಪರವಾಗಿಲ್ಲ. ಅಲ್ಲಿ ವ್ಯತ್ಯಾಸ ಮೂರೂವರೆ ಶೇಕಡ, ಕ್ಲಿಕ್ ರೆಂಚ್‌ಗೆ ಇರುವ 4 ಶೇಕಡ ತಪ್ಪಿನ ಮಿತಿಯಷ್ಟೇ. (ನೇರ ಎಕ್ಸ್‌ಟೆನ್ಷನ್ ಎಷ್ಟೇ ಉದ್ದವಾದರೂ ಟಾರ್ಕ್ ಕಮ್ಮಿಯಾಗಲ್ಲ. ಈ ಅನುಮಾನ ಯಾಕೋ ಯಾರಿಗೂ ಹೋಗಲ್ಲ.)

ರ‍್ಯಾಚೆಟ್ ರಿಂಗ್‌ಗೆ 72 ಹಲ್ಲಿದ್ದರೆ 5 ಡಿಗ್ರಿ ಆಡಿದರೆ ಸಾಕು, ಇಕ್ಕಟ್ಟಿನಲ್ಲಿ ಅದರಷ್ಟು ಚುರುಕು ಬೇರೆ ಇಲ್ಲ. ಆದರೆ ಸಡಿಲಿಸುವಾಗ ಬೋಲ್ಟ್ ಹೊರಗೆ ಬರ್ತಾ ಬರ್ತಾ ತಲೆ ಪಾನವನ್ನೇ ಎದುರಿನ ಪೈಪಿಗೆ ಒತ್ತಿಬಿಡುತ್ತೆ. ಹಿಂದೆ ತಿರುಗಿಸೋ ಲಿವರ್ ಇಲ್ಲದ ಪಾನವಾದರೆ ಅಲ್ಲೇ ಸೆರೆ, ಬೋಲ್ಟಿನ ಇನ್ನೊಂದು ತುದಿಯಿಂದ ಒಳಕ್ಕೆ ತಿರುಗಿಸಿಯೇ ಬಿಡಿಸಬೇಕು. ಲಿವರ್ ಇರೋದನ್ನೇ ಕೊಳ್ಳಿ. ಬಿಗಿ ಎಷ್ಟು ಅಂತ ಅದು ಹೇಳಲ್ಲ.

ಮೋಟು ಪಾನ: ಕೊನೇ ಉಪಾಯ. ಕುಯ್ಯುವಾಗ ಉಕ್ಕು ನೀಲಿಗೆ ತಿರುಗಿದರೆ ಗಟ್ಟಿತನ ಹೋಯ್ತು ಅಂತಲೇ ಲೆಕ್ಕ, ನೀರಲ್ಲಿ ಅದ್ದುತ್ತಾ ಕುಯ್ಯಿರಿ.

ಇನ್ನು ಕ್ರೋಫುಟ್. ಇದಕ್ಕಿರೋ ಕಿರಿಕಿರಿ ಲೆಕ್ಕ. ತಲೆ ಮುಂದಕ್ಕೆ ಚಾಚಿಕೊಂಡಷ್ಟೂ ರೆಂಚ್ ಉದ್ದ ಆದ ಹಾಗೆ, ಅಷ್ಟು ಹೆಚ್ಚು ಟಾರ್ಕ್ ಬೀಳುತ್ತೆ. ರೆಂಚ್‌ನ ಚೌಕದ ನಡುವಿನಿಂದ ಹಿಡಿಯ ನಡುವಿನವರೆಗೆ ಅಳೆಯಿರಿ, 400 ಮಿಲಿಮೀಟರ್ ಅಂದುಕೊಳ್ಳಿ. ಚೌಕದ ನಡುವಿನಿಂದ ನಟ್ಟಿನ ನಡುವಿಗೆ 50. ಬೇಕಾದ್ದು 80 ಆದರೆ 80ನ್ನು 400ರಿಂದ ಗುಣಿಸಿ 450ರಿಂದ ಭಾಗಿಸಿ: ರೆಂಚ್‌ನಲ್ಲಿ ಇಡಬೇಕಾದ್ದು 71. ಲೆಕ್ಕ ಮರೆತು 80ಕ್ಕೇ ಇಟ್ಟರೆ ನಟ್ಟಿಗೆ ಬೀಳೋದು 90.

ಹಿಡಿಗೆ ಅಡ್ಡಲಾಗಿ, ಅಂದರೆ 90 ಡಿಗ್ರಿಗೆ ಕ್ರೋಫುಟ್ ತಿರುಗಿಸಿದರೆ ಈ ಲೆಕ್ಕವೇ ಬೇಡ, 80 ಅಂದರೆ 80. ಪುಸ್ತಕಗಳು ಇಲ್ಲಿಗೇ ನಿಲ್ಲಿಸ್ತವೆ. ಪೈಪುಗಳ ಮಧ್ಯೆ ಸರಿಯಾದ 90 ಎಲ್ಲಿ ಸಿಗುತ್ತೆ? 45ಕ್ಕೆ ಸಿಕ್ಕಿದರೆ 50ರ ಬದಲು 35 ಹಾಕಿ ಲೆಕ್ಕ ಮಾಡಿ, ಸುಮಾರು 73.5 ಬರುತ್ತೆ. ಬಾಯಿ ಹಿಡಿಯ ಕಡೆಗೇ ತಿರುಗಿದ್ದರೆ ಕೂಡೋ ಬದಲು ಕಳೆಯಬೇಕು, ಆಗ 91ಕ್ಕೆ ಇಡಬೇಕಾಗುತ್ತೆ. ಇಷ್ಟೆಲ್ಲ ಸರಿಬರೋದು ಕೈ ಹಿಡಿಯ ನಡುವಿನಲ್ಲೇ ಇದ್ದಾಗ ಮಾತ್ರ. ತುದಿ ಹಿಡಿದು ಎಳೆದರೆ ಭಾಗಾಕಾರ ಸುಳ್ಳಾಗುತ್ತೆ.

ಇನ್ನೊಂದು ತಕರಾರು ರೆಂಚ್‌ನದ್ದು. ಅದರ ರ‍್ಯಾಚೆಟ್‌ಗೆ 36 ಹಲ್ಲಾದರೆ ಒಂದು ಹಲ್ಲಿಗೆ 10 ಡಿಗ್ರಿ, ಅಂದರೆ ಹಿಡಿಯ ನಡುವಿನಲ್ಲಿ 70 ಮಿಲಿಮೀಟರ್ ಆಡಬೇಕು. ಅಷ್ಟು ಜಾಗ ಇಲ್ಲದಿದ್ದರೆ 72 ಹಲ್ಲಿನ ರೆಂಚ್ ಬೇಕು, 35ರಲ್ಲಿ ಮುಗಿಯುತ್ತೆ. ಹಿಡಿ ಪೈಪಿಗೆ ಬಡಿದ ಕ್ಷಣ ಬರೋ ಸದ್ದು ಕ್ಲಿಕ್ ಥರವೇ ಕೇಳುತ್ತೆ, ಹುಷಾರು. ಚೌಕಕ್ಕೆ ಒಂದು ಸುತ್ತು ಟೇಪ್ ಸುತ್ತಿ ಕ್ರೋಫುಟ್ ಕೂರಿಸಿ. ಇಲ್ಲದಿದ್ದರೆ ಅದು ಜಾರಿ ಎಂಜಿನ್ ಕೆಳಗೆ ಎಲ್ಲೋ ಕೂರುತ್ತೆ.

ತೆರೆದ ಬಾಯಿಯ ಕ್ರೋಫುಟ್ ನಟ್ಟಿನ ಎರಡೇ ಮುಖ ಹಿಡಿಯುತ್ತೆ, ಈ ಬಿಗಿಗೆ ಬೇಡ. 12 ಮೂಲೆಯ ರಿಂಗ್ ಆದರೆ 30 ಡಿಗ್ರಿಗೊಮ್ಮೆ ಬೇರೆ ಕೋನದಲ್ಲಿ ಕೂರಿಸಬಹುದು.

ನೈಲಾಕ್ ನಟ್ಟಾದರೆ ನೈಲಾನ್ ಉಂಗುರವೇ ಸ್ವಲ್ಪ ಟಾರ್ಕ್ ತಿನ್ನುತ್ತೆ. ನಟ್ಟು ಇನ್ನೂ ಓಡುತ್ತಿರುವಾಗ ಮುಳ್ಳಿನ ಟಾರ್ಕ್ ರೆಂಚ್‌ನಲ್ಲಿ ಅಳೆದು, ಕಿಟ್‌ನ ಕೈಪಿಡಿ ಬೇರೆ ಹೇಳದಿದ್ದರೆ ಅದನ್ನೂ ಸೇರಿಸಿ. ಬೋಲ್ಟಿನ ಎಳೆಗೆ (ಥ್ರೆಡ್) ಕಾಪರ್ ಗ್ರೀಸ್ ಸವರಬೇಡಿ, ಒಣ ಎಳೆಗೆ ಕೊಟ್ಟ ಅಂಕಿಯಲ್ಲಿ ಬೋಲ್ಟ್ ಹೆಚ್ಚು ಎಳೆದುಕೊಳ್ಳುತ್ತೆ. ಬೋಲ್ಟಿನ ತಲೆಗೆ ಪಾನ ಕೂರೋ ಜಾಗವಿದ್ದರೂ ಆದಷ್ಟು ನಟ್ಟನ್ನೇ ತಿರುಗಿಸಿ, ತಲೆ ತಿರುಗಿಸಿದರೆ ಬುಷ್ ಸ್ಲೀವ್‌ನ ಉಜ್ಜಾಟಕ್ಕೂ ಟಾರ್ಕ್ ಹೋಗುತ್ತೆ.

ಪ್ರತಿ ನಟ್ಟಿಗೂ ಅಂಕಿ ನೋಡಿ, ಪೇಂಟ್ ಗೆರೆ ಎಳೆದು ಮುಂದೆ ಹೋಗೋದು ನನ್ನ ಅಭ್ಯಾಸ, ಅದಕ್ಕೇ ಕ್ರೋಫುಟ್. ಊರ ಕಡೆ ಗ್ಯಾರೇಜುಗಳಂತೆ 'ಕೈಗೆ ಬಿಗಿ ಗೊತ್ತಾಗುತ್ತೆ' ಅನ್ನೋರಿಗೆ ರ‍್ಯಾಚೆಟ್ ರಿಂಗ್ ಸಾಕು ಅನ್ನಿಸಬಹುದು. ಸಸ್ಪೆನ್ಷನ್‌ನಲ್ಲಿ ನಾನು ಅದನ್ನು ಒಪ್ಪಲ್ಲ. ಸೆಟ್ಟಿಗೆ ದುಡ್ಡು ಹಾಕಬೇಡಿ, ಎರಡು ಅಳತೆ ಸಾಕು. ಆದರೆ ಯುಎನ್ಎಫ್ (ಇಂಚಿನ ಅಳತೆಯ ಸಣ್ಣ ಎಳೆ) ಬೋಲ್ಟಿನ ಕಿಟ್ ಆದರೆ ನಟ್ಟು ಅಳೆದು ಕೊಳ್ಳಿ. 7/16 ಇಂಚಿನ ಬೋಲ್ಟಿಗೆ ತಲೆ 5/8, ನಟ್ಟು 11/16. ತಲೆಗೆ 16 ಮಿಲಿಮೀಟರ್ ಪಾನ ನಡೆಯುತ್ತೆ. ನಟ್ಟಿಗೆ 17 ಹೋಗಲ್ಲ, 18 ಹೋಗಿ ಮೂಲೆ ಉರುಟು ಮಾಡುತ್ತೆ. ಅರ್ಧ ಇಂಚಿನದಕ್ಕೆ ಎರಡೂ ಕಡೆ 3/4, ಅದು 19ರಲ್ಲೇ ಆಗುತ್ತೆ.