ಹತ್ತು ದಿನದಲ್ಲಿ ಹೆವಿ ಲೈಸೆನ್ಸ್ ಅಂದರೆ ಅಲ್ಲಿಂದ ಎದ್ದು ಬನ್ನಿ

ಕಳೆದ ವರ್ಷ ಟೊಮೆಟೊ ಸೀಸನ್ ಶುರುವಾಗುವ ಹೊತ್ತಿಗೆ ನಾನು ಮಾಡಿಕೊಂಡ ಎಡವಟ್ಟು ಇದು. ಕೋಲಾರದ ಸುತ್ತ ಪಿಕಪ್ ಓಡಿಸುವ ಹುಡುಗರಲ್ಲಿ ದೊಡ್ಡ ಲಾರಿ, ಬಸ್ ಓಡಿಸಲು ಬೇಕಾದ ಹೆವಿ ಲೈಸೆನ್ಸ್ ಮಾಡಿಸಬೇಕು ಅನ್ನುವವರೇ ಜಾಸ್ತಿ. ಅವರು ಓದಲಿ ಅಂತ ಬರೆಯುತ್ತಿದ್ದೇನೆ.

ನನ್ನದು 2017ರ ಎಲ್‌ಎಂವಿ, ಅಂದರೆ ಸಣ್ಣ ಗಾಡಿಯ ಲೈಸೆನ್ಸ್. ಅದರಲ್ಲೇ ಎಂಟು ವರ್ಷ ಹಳ್ಳಿಗಳಿಂದ ಎಪಿಎಂಸಿಗೆ ಟೊಮೆಟೊ ಹೊಡೆದೆ. ಅದೇನೂ ತಪ್ಪಲ್ಲ. 7,500 ಕೆಜಿ ಒಳಗಿನ ಗಾಡಿಗೆ ಎಲ್‌ಎಂವಿ ಸಾಕು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. 2024ರ ನವೆಂಬರ್‌ನಲ್ಲಿ ಐದು ಜಡ್ಜ್‌ಗಳ ಪೀಠವೂ ಅದನ್ನೇ ಎತ್ತಿಹಿಡಿಯಿತು. ಆದರೆ ಪಿಕಪ್‌ನಲ್ಲಿ ಎಷ್ಟು ದುಡಿದರೂ ಅಷ್ಟಕ್ಕಷ್ಟೇ. ನರಸಾಪುರದ ಫ್ಯಾಕ್ಟರಿಗಳಿಗೆ ಸ್ಟಾಫ್ ಬಸ್ ಓಡಿಸಿದರೆ ತಿಂಗಳಾದರೆ ಸಂಬಳ. ಅದಕ್ಕೆ ಹೆವಿ ಬೇಕು.

ಒಬ್ಬ ಏಜೆಂಟ್ ಸಿಕ್ಕಿದ. ಟೀ ಕುಡಿಸಿ ಅವನೇ ದುಡ್ಡು ಕೊಟ್ಟ. ಅಲ್ಲೇ ಅನುಮಾನ ಬರಬೇಕಿತ್ತು. ‘ನೀವು ಎಲ್ಲಿಗೂ ಬರೋದು ಬೇಡ ಬ್ರದರ್. ಹದಿನೆಂಟು ಸಾವಿರ ಕೊಡಿ, ಹತ್ತು ದಿನಕ್ಕೆ ಕಾರ್ಡ್ ಕೈಯಲ್ಲಿ’ ಅಂದ. ಟ್ರೈನಿಂಗ್ ಆಗಿದೆ ಅಂತ ಡ್ರೈವಿಂಗ್ ಸ್ಕೂಲ್ ಕೊಡುವ ಫಾರ್ಮ್ 5, ಆರೋಗ್ಯ ಸರಿ ಇದೆ ಅಂತ ಡಾಕ್ಟರ್ ಕೊಡುವ ಫಾರ್ಮ್ 1ಎ ಎಲ್ಲಾ ಅವನೇ ನೋಡಿಕೊಳ್ಳುತ್ತಾನಂತೆ. ರಸೀದಿ ಕೇಳಿದೆ. ನಕ್ಕ.

ಹೇಳಿದ ಹಾಗೆ ಕಾರ್ಡ್ ಬಂತು. ಅದೇ ನನ್ನ ಕೆಎ 07 ನಂಬರ್, ಅದೇ ಫೋಟೋ. ಕೆಳಗೆ ಹೆವಿ ಅಂತ ಒಂದು ಸಾಲು ಸೇರಿಕೊಂಡಿತ್ತು. ನಂಬರ್ ನನ್ನದೇ ಇದೆಯಲ್ಲ ಅಂತ ನಂಬಿಬಿಟ್ಟೆ.

ಆಮೇಲೆ ಐದು ತಿಂಗಳು ಸಿಕ್ಸ್ ವೀಲರ್ ಲಾರಿ ಓಡಿಸಿದೆ. ಹದಿನೈದು ಕೆಜಿಯ ಆರುನೂರು ಕ್ರೇಟ್, ಒಂಬತ್ತು ಟನ್ ಮಾಲು. ಮುಳಬಾಗಿಲು, ನಂಗಲಿ, ಪಲಮನೇರು ದಾಟಿ ಮೊಗಿಲಿ ಘಾಟ್ ಇಳಿದು ಚೆನ್ನೈ. ಒಂದು ರಾತ್ರಿ ಆ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಇದ್ದೆ. ಸುಟ್ಟ ವಾಸನೆ ಬಂತು. ಪೆಡಲ್ ಒತ್ತಿದರೂ ಮೊದಲಿನ ಹಿಡಿತ ಇಲ್ಲ. ಎದುರಿಗೆ ತಿರುವು. ಹೇಗೋ ಗೇರ್ ಇಳಿಸಿ ಎಡಕ್ಕೆ ತಂದು ನಿಲ್ಲಿಸಿದೆ. ಕ್ಲೀನರ್ ಹುಡುಗ ಇಳಿದು ಹೋಗಿ ಕಲ್ಲಿನ ಮೇಲೆ ಕೂತವನು ಅರ್ಧ ಗಂಟೆ ಮಾತಾಡಲಿಲ್ಲ. ಗಾಡಿ ಹಳೇದು, ಅದಕ್ಕೇ ಹೀಗೆ ಅಂದುಕೊಂಡೆ ನಾನು.

ಕಾರ್ಡಿನ ಬಣ್ಣ ಬಯಲಾಗಿದ್ದು ನರಸಾಪುರದಲ್ಲಿ. ಬಸ್ ಕಂಟ್ರಾಕ್ಟರ್ ಕಾರ್ಡನ್ನು ಸರಿಯಾಗಿ ನೋಡಲೂ ಇಲ್ಲ. ಮೊಬೈಲ್‌ನಲ್ಲಿ ಸರ್ಕಾರದ ಪರಿವಾಹನ್ ಸೈಟ್ ತೆಗೆದು ನನ್ನ ಲೈಸೆನ್ಸ್ ನಂಬರ್, ಹುಟ್ಟಿದ ದಿನಾಂಕ ಹಾಕಿದ. ಸ್ಕ್ರೀನ್ ನನ್ನ ಕಡೆ ತಿರುಗಿಸಿದ. ಬೈಕ್, ಎಲ್‌ಎಂವಿ ಎರಡೇ ಇದ್ದವು. ‘ಇಲ್ಲಿ ನೋಡು’ ಅಂತ ಕಾರ್ಡಿನ ದಿನಾಂಕದ ಮೇಲೆ ಉಗುರು ಇಟ್ಟ. 2037ರ ತನಕ ಅಂತ ಒಂದೇ ದಿನಾಂಕ. ಸ್ವಂತ ಗಾಡಿಗೆ ಆ ಅವಧಿ ಸರಿ. ಟ್ರಾನ್ಸ್‌ಪೋರ್ಟ್ ಲೈಸೆನ್ಸ್‌ಗೆ ಐದೇ ವರ್ಷ, ಅದರ ದಿನಾಂಕ ಬೇರೆಯೇ ಇರಬೇಕು. ಅಪೆಂಡಿಸಿಟಿಸ್ ಹಿಡಿಯುವ ಡಾಕ್ಟರ್ ಥರ ಒಂದೇ ಬೆರಳಲ್ಲಿ ಹಿಡಿದುಬಿಟ್ಟ. ಜನರನ್ನು ಕೂರಿಸಿಕೊಂಡು ಓಡಿಸುವ ಡ್ರೈವರ್‌ಗೆ ಆರ್‌ಟಿಒ ಕೊಡುವ ಬ್ಯಾಡ್ಜ್ ಎಲ್ಲಿ ಅಂತಲೂ ಕೇಳಿದ. ಸುಪ್ರೀಂ ಕೋರ್ಟ್ ಬ್ಯಾಡ್ಜ್ ತೆಗೆದುಹಾಕಿದೆ ಅಂತ ಏಜೆಂಟ್ ಹೇಳಿದ್ದನ್ನೇ ಒಪ್ಪಿಸಿದೆ. ‘ಅದು ಸಣ್ಣ ಗಾಡಿಗೆ ಕಣಪ್ಪ, ಬಸ್ಸಿಗಲ್ಲ’ ಅಂದ.

ಏಜೆಂಟ್ ಹತ್ತಿರ ಹೋದೆ. ಕೂಗಾಡಿದೆ. ಅವನು ಮೆಲ್ಲಗೆ, ‘ಕಂಪ್ಲೇಂಟ್ ಕೊಡಿ. ನಕಲಿ ಕಾರ್ಡ್ ಜೇಬಲ್ಲಿ ಇಟ್ಟುಕೊಂಡು ಓಡಿಸಿದ್ದು ಯಾರು?’ ಅಂದ. ಬಾಯಿ ಕಟ್ಟಿಹೋಯಿತು. ಆರು ಸಾವಿರ ವಾಪಸ್ ಕೊಟ್ಟ, ಅಷ್ಟೇ.

ಲಾರಿ ಓನರ್‌ಗೆ ಹೇಳಲೇಬೇಕಿತ್ತು. ಲೈಸೆನ್ಸ್ ಇಲ್ಲದೆ ಲಾರಿ ಓಡಿಸಿದರೆ ನನಗೆ 5,000 ದಂಡ, ಗಾಡಿ ಕೊಟ್ಟ ತಪ್ಪಿಗೆ ಓನರ್‌ಗೂ 5,000. ಅದು ಚಿಲ್ಲರೆ ವಿಷಯ. ಯಾರಿಗಾದರೂ ಗುದ್ದಿದ್ದರೆ? ಇನ್ಶೂರೆನ್ಸ್ ಕಂಪನಿ ಮೊದಲು ಪರಿಹಾರ ಕಟ್ಟಿ ಆಮೇಲೆ ಓನರ್ ಹತ್ತಿರ ವಸೂಲಿ ಮಾಡಲಿ ಅಂತ ಕೋರ್ಟ್ ಹೇಳುವುದು ಉಂಟು. ಓನರ್ ಬಯ್ಯಲಿಲ್ಲ. ‘ನನ್ನ ಎರಡು ಎಕರೆ ಹೋಗ್ತಿತ್ತಲ್ಲೋ’ ಅಂದು ಲಾರಿ ಕೀ ಇಸ್ಕೊಂಡರು.

ಆಮೇಲೆ ಸರಿಯಾದ ದಾರಿಯಲ್ಲಿ ಹೋದೆ. ವಯಸ್ಸು 20 ಆಗಿರಬೇಕು, ಎಲ್‌ಎಂವಿ ತೆಗೆದು ಒಂದು ವರ್ಷ ಆಗಿರಬೇಕು. ಎಂಟನೇ ಕ್ಲಾಸ್ ಪಾಸ್ ಆಗಿರಬೇಕು ಅನ್ನುವ ನಿಯಮ 2019ರಲ್ಲೇ ಹೋಯಿತು, ಅದನ್ನು ಹೇಳಿ ದುಡ್ಡು ಕೇಳಿದರೆ ಕೊಡಬೇಡಿ. ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಬಂದು 30 ದಿನ ಆಗದೆ ಟೆಸ್ಟ್‌ಗೆ ಬಿಡುವುದೇ ಇಲ್ಲ. ಹತ್ತು ದಿನದ ಲೆಕ್ಕ ಎಲ್ಲಿಂದ ಬಂತು ಅಂತ ನೀವೇ ನೋಡಿ. ಸರ್ಕಾರದ ಫೀಸು ಸಾವಿರದ ಚಿಲ್ಲರೆ, ಮಿಕ್ಕಿದ್ದು ಸ್ಕೂಲಿನವರ ಟ್ರೈನಿಂಗ್ ಖರ್ಚು.

ಟ್ರೈನಿಂಗ್‌ನ ಮೊದಲ ದಿನ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಗಾಡಿ ಸ್ಟಾರ್ಟ್ ಮಾಡಿಸಿ ಸುಮ್ನೆ ಕೂರಿಸಿದರು. ಎದುರಿಗಿದ್ದ ಗಾಳಿ ಮೀಟರಿನ ಸಣ್ಣ ಮುಳ್ಳನ್ನು ತೋರಿಸಿ, ಗಾಳಿ ತುಂಬಲಿ ಅಂದರು. ಏರ್ ಬ್ರೇಕ್‌ಗೆ ಗಾಳಿಯೇ ಜೀವ. ಇಳಿಜಾರಿನಲ್ಲಿ ಪದೇ ಪದೇ ಒತ್ತಿದರೆ ಗಾಳಿ ಖಾಲಿ, ಡ್ರಮ್ ಕಾದು ಹಿಡಿತವೂ ಹೋಗುತ್ತದೆ. ಮೇಲೆಯೇ ಗೇರ್ ಇಳಿಸಿ ಇಂಜಿನ್‌ನಲ್ಲಿ ಹಿಡಿದುಕೊಂಡು ಬರಬೇಕಂತೆ. ಐದು ತಿಂಗಳು ಆ ಮುಳ್ಳನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಮೊಗಿಲಿಯ ತಿರುವು ನೆನಪಾಗಿ ಕೈ ಬೆವರಿತು.

ಈಗ ಹೆವಿ ಲೈಸೆನ್ಸ್ ಬಂದಿದೆ. ಕಾರ್ಡ್ ಪೋಸ್ಟಲ್ಲಿ ಬರುವ ಮೊದಲೇ ಸೈಟ್‌ನಲ್ಲಿ ನಾನೇ ನಂಬರ್ ಹಾಕಿ ನೋಡಿದೆ. ಎರಡು ದಿನಾಂಕ ಇವೆ. ಬ್ಯಾಡ್ಜ್ ಇನ್ನೂ ಕೈಗೆ ಬಂದಿಲ್ಲ. ಅಲ್ಲಿಯವರೆಗೆ ಮತ್ತೆ ಅದೇ ಪಿಕಪ್, ಅದೇ ಟೊಮೆಟೊ.