ಒಂದೇ ಬಾಣಲೆ, ಎರಡು ಊರು: ಮನೆಬಳಕೆಯ ವ್ಯಾಕ್ಯೂಮ್ ಸೀಲರ್ ಎಷ್ಟು ಕೆಲಸಕ್ಕೆ ಬರುತ್ತದೆ?

ಅಕ್ಕ ಒಂದೂರಲ್ಲಿ, ತಮ್ಮ ಇನ್ನೊಂದೂರಲ್ಲಿ ಇದ್ದರೆ ಊಟದ ಮಾತು ಹೆಚ್ಚಾಗಿ ಫೋಟೋದಲ್ಲೇ ಮುಗಿದುಹೋಗುತ್ತದೆ. ‘ಹೇಗಿತ್ತೋ?’ ‘ಚೆನ್ನಾಗಿತ್ತಕ್ಕ.’ ಮುಂದೆ ಮಾತು ಬೆಳೆಯುವುದಿಲ್ಲ, ಏಕೆಂದರೆ ಬಾಯಲ್ಲಿರುವುದು ಒಬ್ಬರಿಗೆ ಮಾತ್ರ. ಉಪ್ಪು ಮುಂದಾಗಿದೆಯೇ, ಎಣ್ಣೆ ಕಾದದ್ದು ಸಾಲದೇ, ಹುರಿದದ್ದು ಒಂದು ಸುತ್ತು ಹೆಚ್ಚಾಯಿತೇ ಎಂದು ಇಬ್ಬರೂ ಮಾತಾಡಬೇಕಾದರೆ ಒಂದೇ ಬಾಣಲೆಯದ್ದು ಇಬ್ಬರ ತಟ್ಟೆಯಲ್ಲೂ ಇರಬೇಕು. ಕವರಿನೊಳಗಿನ ಗಾಳಿ ಎಳೆದು ಬಾಯಿ ಅಂಟಿಸುವ ಮನೆಬಳಕೆಯ ಯಂತ್ರವಾದ ವ್ಯಾಕ್ಯೂಮ್ ಸೀಲರನ್ನು ಈ ಒಂದು ಕೆಲಸಕ್ಕೆ ಮಾತ್ರ ಇಟ್ಟು ಇಲ್ಲಿ ನೋಡಿದ್ದೇವೆ. ಫ್ರೀಜರ್ ತುಂಬಿಸಲು ಅದು ಎಷ್ಟು ಒಳ್ಳೆಯದು ಎಂಬುದು ಬೇರೆ ವಿಷಯ.

ತೀರ್ಪು ಮೊದಲೇ ಹೇಳುತ್ತೇವೆ. ಕರಿದ ಒಣ ತಿಂಡಿ, ಹುರಿದ ಬೀಜ, ಮಸಾಲೆ ಪುಡಿ, ಒಣಗಿಸಿದ ಹಣ್ಣು ಕಳಿಸುವವರು ಧೈರ್ಯವಾಗಿ ಕೊಳ್ಳಬಹುದು. ಬೇಯಿಸಿದ ಒದ್ದೆ ಅಡುಗೆಯನ್ನು ಪಾರ್ಸೆಲ್ ಮಾಡುವ ಆಸೆಯಿಂದ ಕೊಳ್ಳುವುದಾದರೆ ಬೇಡ. ಕಾರಣ ಮುಂದಿದೆ, ಅದನ್ನು ಬಿಟ್ಟು ಓದಬೇಡಿ.

ಮನೆಗೆ ಸಿಗುವ ಬಹುತೇಕ ಯಂತ್ರಗಳು ಉದ್ದನೆಯ ಪೆಟ್ಟಿಗೆಯಂತಿರುತ್ತವೆ. ಕವರಿನ ಬಾಯನ್ನು ಯಂತ್ರದ ಸಣ್ಣ ಕಾಲುವೆಯೊಳಗೆ ಇಟ್ಟು ಮುಚ್ಚಳ ಒತ್ತಿದರೆ ಪಂಪು ಗಾಳಿ ಎಳೆಯುತ್ತದೆ, ಆಮೇಲೆ ಬಿಸಿ ತಂತಿ ಬಾಯನ್ನು ಕರಗಿಸಿ ಅಂಟಿಸುತ್ತದೆ. ಸೀಲ್ ಮಾಡುವ ಪಟ್ಟಿ ಸಾಮಾನ್ಯವಾಗಿ 30 ಸೆಂ.ಮೀ. ಆಸುಪಾಸು ಇರುತ್ತದೆ. ಪೆಟ್ಟಿಗೆಯ ಮೇಲೆ ಬರೆದಿರುವ ಎಳೆಯುವ ಶಕ್ತಿ ಹೆಚ್ಚಾಗಿ 0.6ರಿಂದ 0.8 ಬಾರ್. ಈ ಅಂಕಿಗಾಗಿ ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ, ಒಣ ತಿಂಡಿಗೆ 0.6 ಧಾರಾಳ. ಅದಕ್ಕಿಂತ ಮುಖ್ಯವಾದ ಗುಂಡಿಗಳು ಎರಡು: ಬೇಕಾದಲ್ಲಿ ಎಳೆತ ನಿಲ್ಲಿಸುವ ‘ಪಲ್ಸ್’ ಮತ್ತು ಗಾಳಿ ಎಳೆಯದೆ ಬಾಯಿ ಮಾತ್ರ ಅಂಟಿಸುವ ‘ಸೀಲ್’. ಇವೆರಡೂ ಇಲ್ಲದ ಯಂತ್ರ ಎಷ್ಟೇ ಅಗ್ಗವಾಗಿದ್ದರೂ ಈ ಕೆಲಸಕ್ಕೆ ಆಗದು.

ಹೊಸಬರು ಮೊದಲು ಎಡವುವುದು ಕವರಿನಲ್ಲಿ. ಮನೆಯಲ್ಲಿರುವ ನುಣುಪು ಪ್ಲಾಸ್ಟಿಕ್ ಕವರನ್ನು ಇಟ್ಟರೆ ಎರಡೂ ಪದರ ಒಂದಕ್ಕೊಂದು ಅಂಟಿ ಗಾಳಿಗೆ ದಾರಿಯೇ ಇಲ್ಲದಂತಾಗುತ್ತದೆ, ಯಂತ್ರ ಗುರುಗುಟ್ಟುತ್ತಲೇ ಇರುತ್ತದೆ. ಈ ಯಂತ್ರಕ್ಕೆ ಒಂದು ಬದಿಯಲ್ಲಿ ಸಣ್ಣ ಸಣ್ಣ ಗೆರೆಗಳ ಉಬ್ಬು ಇರುವ ಕವರೇ ಬೇಕು. ಅದರ ಹೊರಪದರ ನೈಲಾನ್, ಒಳಪದರ ಪಾಲಿಥಿನ್. ಗಾಳಿಯನ್ನೂ ವಾಸನೆಯನ್ನೂ ತಡೆಯುವುದು ನೈಲಾನ್, ಕರಗಿ ಅಂಟಿಕೊಳ್ಳುವುದು ಪಾಲಿಥಿನ್. ಬರೀ ಪಾಲಿಥಿನ್ ಕವರಿನಲ್ಲಿ ಮಸಾಲೆ ಪುಡಿ ಕಳಿಸಿದರೆ ಡಬ್ಬ ಬಿಚ್ಚುವ ಮೊದಲೇ ಘಮ ಹೊರಗೆ ಬಂದಿರುತ್ತದೆ. ಹೊರಗೆ ಬಂದ ಘಮವೆಂದರೆ ತಮ್ಮನ ತಟ್ಟೆಗೆ ಸಿಗದೇ ಹೋದ ರುಚಿ. ರೋಲ್ ಕೊಂಡರೆ ಬೇಕಾದ ಉದ್ದಕ್ಕೆ ಕತ್ತರಿಸಿಕೊಳ್ಳಬಹುದು, ದಪ್ಪ 90 ಮೈಕ್ರಾನ್‌ಗಿಂತ ಕಡಿಮೆ ಬೇಡ.

ಈ ಯಂತ್ರದಿಂದ ನಿಜವಾದ ಪ್ರಯೋಜನ ಪಡೆಯುವ ಕ್ರಮವನ್ನು ಜೋಡಿ ಪೊಟ್ಟಣ ಎನ್ನೋಣ. ಒಂದೇ ಬಾಣಲೆಯದ್ದನ್ನು ತಕ್ಕಡಿಯಲ್ಲಿಟ್ಟು ಸಮ ಎರಡು ಪಾಲು ಮಾಡಿ, ಎರಡನ್ನೂ ಒಂದೇ ಹೊತ್ತಿಗೆ ಸೀಲ್ ಮಾಡಿ. ಒಂದು ಕೊರಿಯರ್‌ಗೆ, ಇನ್ನೊಂದು ನಿಮ್ಮ ಕಪಾಟಿಗೆ. ನಿಮ್ಮ ಪಾಲನ್ನು ಅದೇ ದಿನ ತಿಂದು ಮುಗಿಸಿದರೆ ಹೋಲಿಸಲು ಏನೂ ಉಳಿಯುವುದಿಲ್ಲ. ಪಾರ್ಸೆಲ್ ತಲುಪಿದ ದಿನ ಇಬ್ಬರೂ ಫೋನಿನಲ್ಲಿದ್ದುಕೊಂಡೇ ಕತ್ತರಿ ಹಾಕಬೇಕು.

ಸೀಲ್ ಮಾಡುವಾಗ ತಿಂಡಿ ಪೂರ್ತಿ ತಣ್ಣಗಾಗಿರಲಿ. ಮುಟ್ಟಿದರೆ ಬೆಚ್ಚಗಿದೆ ಎನಿಸಿದರೂ ಬೇಡ, ಒಳಗಿನ ಹಬೆ ಕವರಿನಲ್ಲಿ ನೀರಾಗಿ ಇಳಿದು ಗರಿಗರಿಯನ್ನು ತಿಂದುಹಾಕುತ್ತದೆ. ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ, ಮುಚ್ಚದೆ ಆರಿಸಿ. ಕವರಿನ ಬಾಯನ್ನು ಅಂಗಿಯ ತೋಳಿನಂತೆ ನಾಲ್ಕು ಬೆರಳು ಹೊರಕ್ಕೆ ಮಡಚಿ, ತುಂಬಿ, ಆಮೇಲೆ ಮಡಿಕೆ ಬಿಡಿಸಿ. ಸೀಲ್ ಬೀಳುವ ಜಾಗಕ್ಕೆ ಎಣ್ಣೆ, ಪುಡಿ ತಾಗದಿರುವುದು ಹೀಗೆ ಮಾಡಿದಾಗ ಮಾತ್ರ. ತಿಂಡಿಯ ಮೇಲೆ 6ರಿಂದ 8 ಸೆಂ.ಮೀ. ಖಾಲಿ ಕವರ್ ಉಳಿದಿರಲಿ. ಸೀಲ್ ಆದ ಮೇಲೆ ಅರ್ಧ ಸೆಂ.ಮೀ. ಬಿಟ್ಟು ಇನ್ನೊಂದು ಸೀಲ್ ಹಾಕಿ. ಬೆಳಕಿಗೆ ಹಿಡಿದರೆ ಒಳ್ಳೆಯ ಸೀಲ್ ಅಂಚಿನಿಂದ ಅಂಚಿಗೆ ಒಂದೇ ಅಗಲದ, ತಿಳಿ ಪಟ್ಟಿಯಾಗಿ ಕಾಣುತ್ತದೆ. ನಡುವೆ ಕೂದಲೆಳೆಯಂಥ ಒಂದು ಮಡಿಕೆ ಓರೆಯಾಗಿ ಹಾದುಹೋಗಿದ್ದರೆ ಗಾಳಿ ನುಗ್ಗುವುದು ಅಲ್ಲಿಂದಲೇ; ಕತ್ತರಿಸಿ ಮತ್ತೆ ಸೀಲ್ ಮಾಡಿ. ಪಟ್ಟಿ ಬಿಳಿಚಿಕೊಂಡು ಸುಕ್ಕಾಗಿದ್ದರೆ ಬಿಸಿ ಹೆಚ್ಚಾಗಿದೆ ಎಂದರ್ಥ. ಸತತವಾಗಿ ಐದಾರು ಸೀಲ್ ಹಾಕಿದಾಗ ಹೀಗಾಗುತ್ತದೆ, ನಡುನಡುವೆ ಒಂದು ನಿಮಿಷ ಬಿಡುವು ಕೊಡಿ.

ಮುಗಿದ ಕೂಡಲೇ ಕೊರಿಯರ್‌ನವರ ಕೈಗೆ ಕೊಡಬೇಡಿ. ಒಂದು ರಾತ್ರಿ ಹಾಗೇ ಇಡಿ. ಸಣ್ಣ ಸೋರಿಕೆ ಇದ್ದರೆ ಬೆಳಗ್ಗೆ ಹೊತ್ತಿಗೆ ಪೊಟ್ಟಣ ಸಡಿಲವಾಗಿ ಒಳಗಿನದ್ದು ಅಲುಗಾಡುತ್ತದೆ. ಎಲ್ಲಿಂದ ಎಂದು ತಿಳಿಯದಿದ್ದರೆ ನೀರಿನಲ್ಲಿ ಮುಳುಗಿಸಿ ಮೆಲ್ಲಗೆ ಹಿಸುಕಿ, ಗುಳ್ಳೆ ತೋರಿಸಿಕೊಡುತ್ತದೆ. ಮೊನಚು ತುದಿಯ ತಿಂಡಿಯಾದರೆ ತೂತು ಸೀಲಿನಲ್ಲಿರುವುದಿಲ್ಲ, ಕವರಿನ ಹೊಟ್ಟೆಯಲ್ಲಿರುತ್ತದೆ. ಅಂಥದ್ದನ್ನು ಮೊದಲು ಅಡುಗೆಗೆ ಬಳಸುವ ಕಾಗದದಲ್ಲಿ ಸುತ್ತಿ ಒಳಗಿಡಬೇಕು.

ಪುಡಿಗಳದ್ದು ಬೇರೆ ತಕರಾರು. ಪಂಪು ಗಾಳಿಯ ಜೊತೆ ಪುಡಿಯನ್ನೂ ಎಳೆದು ಸೀಲ್ ಪಟ್ಟಿಯ ಮೇಲೂ ಗ್ಯಾಸ್ಕೆಟ್ (ಮುಚ್ಚಳ ಒತ್ತಿದಾಗ ಗಾಳಿ ನುಗ್ಗದಂತೆ ತಡೆಯುವ ಮೆತ್ತನೆಯ ಪಟ್ಟಿ) ಮೇಲೂ ಹರಡುತ್ತದೆ. ಆ ಸೀಲ್ ನಿಲ್ಲುವುದೇ ಇಲ್ಲ. ಪುಡಿಯನ್ನು ಚಿಕ್ಕ ಕಾಗದದ ಚೀಲದಲ್ಲಿ ಕಟ್ಟಿ ಆಮೇಲೆ ಕವರಿಗೆ ಹಾಕಿ. ಇಲ್ಲವಾದರೆ ಪುಡಿಯ ಮೇಲೆ ಟಿಶ್ಯೂ ಕಾಗದ ಮಡಚಿ ತಡೆಗೋಡೆಯಂತೆ ಇಟ್ಟು ಪಲ್ಸ್ ಗುಂಡಿಯಲ್ಲಿ ನಿಧಾನವಾಗಿ ಎಳೆಯಿರಿ. ಆಗಷ್ಟೇ ಹುರಿದ ಕಾಫಿ ಬೀಜ ಸೀಲ್ ಮಾಡಿದ ಮೇಲೂ ಉಬ್ಬುತ್ತದೆ. ಅದು ಕೆಟ್ಟದ್ದಲ್ಲ, ಬೀಜ ಹೊರಬಿಡುವ ಇಂಗಾಲದ ಡೈಆಕ್ಸೈಡ್. ಕೆಲವು ದಿನ ಬಿಟ್ಟು ಸೀಲ್ ಮಾಡಿದರಾಯಿತು.

ಬಿಸ್ಕತ್ತು, ತೆಳ್ಳನೆಯ ಚಿಪ್ಸು, ಮೆತ್ತನೆಯ ಕೇಕಿಗೆ ಈ ಯಂತ್ರದ ಎಳೆತ ಶತ್ರು. 0.6 ಬಾರ್ ಎಂದರೆ ಪ್ರತಿ ಚದರ ಸೆಂ.ಮೀ. ಮೇಲೆ ಸುಮಾರು 600 ಗ್ರಾಂ ಒತ್ತಡ. 5 ಸೆಂ.ಮೀ. ಅಗಲದ ದುಂಡು ಬಿಸ್ಕತ್ತಿನ ಮೇಲೆ ಒಟ್ಟು 12 ಕೆ.ಜಿ.ಯಷ್ಟು ಭಾರ ಕೂತಂತಾಯಿತು. ಗಾಳಿ ಎಳೆಯದೆ ಬಾಯಿ ಮಾತ್ರ ಅಂಟಿಸುವ ಗುಂಡಿ ಬೇಕೆಂದದ್ದು ಇದಕ್ಕೇ. ಬಿಸ್ಕತ್ತನ್ನು ಗಟ್ಟಿ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಕವರಿಗೆ ಸೇರಿಸಿ, ಆಮ್ಲಜನಕ ಹೀರುವ ಕಬ್ಬಿಣದ ಪುಡಿಯ ಪೊಟ್ಟಣ ಒಂದನ್ನು ಹಾಕಿ, ಬಾಯಿ ಸೀಲ್ ಮಾಡಿ. 100 ಸಿ.ಸಿ. ಎಂದು ಬರೆದ ಪೊಟ್ಟಣ ಸುಮಾರು ಅರ್ಧ ಲೀಟರ್ ಗಾಳಿಯ ಆಮ್ಲಜನಕಕ್ಕೆ ಸಾಕು. ಅದರ ಕಟ್ಟು ಬಿಚ್ಚಿದ ಕ್ಷಣದಿಂದ ಕೆಲಸ ಶುರುವಾಗುವುದರಿಂದ ಉಳಿದವನ್ನು ತಕ್ಷಣ ಸೀಲ್ ಮಾಡಿಡಬೇಕು. ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಹಾಕುವುದು ಬೇಡ. ಕಬ್ಬಿಣ ತುಕ್ಕು ಹಿಡಿಯಲು ಬೇಕಾದ ತುಸು ತೇವವನ್ನು ಅದು ಕಸಿದುಕೊಳ್ಳುತ್ತದೆ.

ಇನ್ನು ಒದ್ದೆ ಅಡುಗೆಯ ಮಾತು. ಗಾಳಿ ತೆಗೆದರೆ ಯಾವುದೂ ಕೆಡುವುದಿಲ್ಲ ಎಂಬ ನಂಬಿಕೆ ಅಪಾಯದ್ದು. ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾ ಬೆಳೆಯುವುದೇ ಆಮ್ಲಜನಕ ಇಲ್ಲದ ಕಡೆ. ಅದರ ಬೀಜಕಣಗಳು ಕುದಿಯುವ ನೀರಿನಲ್ಲೂ ಉಳಿಯಬಲ್ಲವು. ಹುಳಿ ಸಾಲದ, ಅಂದರೆ ಪಿ.ಎಚ್. 4.6ಕ್ಕಿಂತ ಮೇಲಿರುವ, ತೇವದ ಅಡುಗೆ ಸೀಲ್ ಕವರಿನಲ್ಲಿ ಬೆಚ್ಚಗೆ ಎರಡು ಮೂರು ದಿನ ಸುತ್ತಾಡಿದರೆ ಈ ಬ್ಯಾಕ್ಟೀರಿಯಾ ಬಿಡುಗಡೆ ಮಾಡುವ ವಿಷಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಪೊಟ್ಟಣ ಉಬ್ಬದೆಯೂ ಇರಬಹುದು. ನರಗಳನ್ನೇ ಹಿಡಿದು ಉಸಿರಾಟ ನಿಲ್ಲಿಸಬಲ್ಲ ವಿಷ ಅದು. ಆದ್ದರಿಂದ ಪಲ್ಯ, ಗ್ರೇವಿ, ಬೇಯಿಸಿದ ಅನ್ನ, ಬೇಯಿಸಿದ ಕಾಳು, ಎಣ್ಣೆಯಲ್ಲಿ ನೆನೆಸಿದ ಹಸಿ ಬೆಳ್ಳುಳ್ಳಿ, ಹಸಿ ಅಣಬೆ ಇವುಗಳನ್ನು ಸೀಲ್ ಮಾಡಿ ಹೊರಗಿನ ಉಷ್ಣತೆಯಲ್ಲಿ ಕಳಿಸಲೇಬಾರದು. ಫ್ರೀಜರಿನಲ್ಲಿ ಗಡ್ಡೆಕಟ್ಟಿಸಿ ಕಳಿಸಿದರೂ ದಾರಿಯಲ್ಲಿ ಕರಗುತ್ತದೆ. ಜೆಲ್ ಪ್ಯಾಕ್ ಇಟ್ಟ ಥರ್ಮಾಕೋಲ್ ಪೆಟ್ಟಿಗೆ ತಲುಪುವಾಗ ಒಳಗೆ 5 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಾಗಿದ್ದರೆ ಬಿಸಾಡಬೇಕು, ಎಷ್ಟು ಹೊತ್ತಿಂದ ಹಾಗಿತ್ತೆಂದು ಗೊತ್ತಾಗುವ ದಾರಿಯಿಲ್ಲ. ತಮ್ಮನ ಹೊಟ್ಟೆ ತುಂಬಿಸುವ ಪ್ರೀತಿಯಲ್ಲಿ ಈ ಒಂದು ನಿಯಮಕ್ಕೆ ರಿಯಾಯಿತಿ ಕೊಡಬೇಡಿ. ಮೇಲೆ ಹೇಳಿದ ಆಮ್ಲಜನಕ ಹೀರುವ ಪೊಟ್ಟಣಕ್ಕೂ ಇದೇ ನಿಯಮ: ಒಣ ತಿಂಡಿಗೆ ಮಾತ್ರ. ಕೇಕು ಕೂಡ ತೇವವಾಗಿದ್ದರೆ ಬೇಡ.

ಹಾಗಾದರೆ ಬಿಸಿ ಅಡುಗೆಯನ್ನು ಹಂಚಿಕೊಳ್ಳುವುದು ಹೇಗೆ? ಅಡುಗೆಯ ಬದಲು ಅದರ ಒಣ ಅರ್ಧವನ್ನು ಕಳಿಸಿ. ಮಸಾಲೆಯನ್ನು ಒಂದೇ ಸಲ ಹುರಿದು, ಪುಡಿಮಾಡಿ, 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಒಂದೊಂದು ಅಡುಗೆಗೆ ಬೇಕಾದಷ್ಟನ್ನು ತೂಗಿ ಜೋಡಿ ಪೊಟ್ಟಣ ಮಾಡಿ. ನೀರು, ತರಕಾರಿ, ಉಪ್ಪು ಎಷ್ಟೆಂಬುದನ್ನು ಗ್ರಾಂನಲ್ಲಿ ಬರೆದು ಅಂಟಿಸಿ. ಕಪ್ಪು, ಚಮಚದ ಲೆಕ್ಕ ನಂಬಬೇಡಿ. ಒಂದೇ ಕಪ್ಪಿನಲ್ಲಿ ಹಿಟ್ಟನ್ನು ಸಡಿಲವಾಗಿ ತುಂಬುವುದಕ್ಕೂ ಅದುಮಿ ತುಂಬುವುದಕ್ಕೂ 20–30 ಗ್ರಾಂ ಅಂತರ ಬರುತ್ತದೆ. ಒಬ್ಬರ ಊರು ಎತ್ತರದಲ್ಲಿದ್ದರೆ ಪ್ರತಿ 300 ಮೀಟರಿಗೆ ನೀರು ಕುದಿಯುವ ಬಿಸಿ ಸುಮಾರು 1 ಡಿಗ್ರಿ ಇಳಿಯುತ್ತದೆ, ಅಲ್ಲಿ ಬೇಯಲು ಹೆಚ್ಚು ಹೊತ್ತು ಬೇಕು. ಗಡಸು ನೀರಿನ ಊರಿನಲ್ಲಿ ಕಾಳು ಮೆತ್ತಗಾಗಲು ಸತಾಯಿಸುತ್ತದೆ, ಚಹಾ ಮಂಕಾಗುತ್ತದೆ. ಅದೇ ಮಸಾಲೆಯಲ್ಲಿ ಅಕ್ಕನದ್ದೊಂದು ರುಚಿ, ತಮ್ಮನದ್ದೊಂದು ರುಚಿ ಆದರೆ ಕೈಗುಣವನ್ನು ದೂರುವ ಮೊದಲು ನೀರನ್ನು ನೋಡಿ.

ಉಪ್ಪಿನಕಾಯಿಗೆ ಈ ಯಂತ್ರ ಅಷ್ಟಾಗಿ ಬೇಕಿಲ್ಲ. ಎಣ್ಣೆ ಪಂಪಿಗೆ ಹೋದರೆ ರಿಪೇರಿಗೇ ದಾರಿ. ಬಾಟಲಿಯಲ್ಲಿ 2 ಸೆಂ.ಮೀ. ಜಾಗ ಬಿಟ್ಟು, ಮುಚ್ಚಳದ ಕೆಳಗೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಬಾಟಲಿಯನ್ನೇ ಕವರಿನಲ್ಲಿಟ್ಟು ಗಾಳಿ ಎಳೆಯದೆ ಬಾಯಿ ಅಂಟಿಸಿ. ವಿಮಾನದಲ್ಲಿ ಗಾಳಿಯ ಒತ್ತಡ ನೆಲಮಟ್ಟಕ್ಕಿಂತ ಸುಮಾರು ಕಾಲುಭಾಗ ಇಳಿಯುವುದರಿಂದ ಬಾಟಲಿಯೊಳಗಿನ ಗಾಳಿ ಹಿಗ್ಗಿ ಎಣ್ಣೆಯನ್ನು ಹೊರಗೆ ತಳ್ಳುತ್ತದೆ. ಸಾಮಾನ್ಯ ಚಿಪ್ಸ್ ಕವರು ಉಬ್ಬುವುದೂ ಇದಕ್ಕೇ. ಗಾಳಿ ತೆಗೆದ ಪೊಟ್ಟಣಕ್ಕೆ ಈ ಕಾಟವಿಲ್ಲ.

ಕೊರಿಯರ್ ಖರ್ಚಿನಲ್ಲೂ ಯಂತ್ರ ಸ್ವಲ್ಪ ಉಳಿಸುತ್ತದೆ. ವಿಮಾನದ ಪಾರ್ಸೆಲ್ಲಿಗೆ ಸಾಮಾನ್ಯವಾಗಿ ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ಯಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದದ್ದು ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ಹಣ. 30, 25, 20 ಸೆಂ.ಮೀ. ಪೆಟ್ಟಿಗೆಯಲ್ಲಿ ಒಂದೂವರೆ ಕೆ.ಜಿ. ತಿಂಡಿ ಇದ್ದರೂ ಲೆಕ್ಕ 3 ಕೆ.ಜಿ.ಗೆ. ಗಾಳಿ ತೆಗೆದು ಪೆಟ್ಟಿಗೆ ಚಿಕ್ಕದಾದಷ್ಟೂ ಲಾಭ, ಆದರೆ ಸುತ್ತಲೂ 4–5 ಸೆಂ.ಮೀ. ಮೆತ್ತೆ ಹಾಕುವ ಜಾಗವನ್ನು ಮಾತ್ರ ಉಳಿಸಹೋಗಬೇಡಿ. ಬೇರೆ ದೇಶಕ್ಕಾದರೆ ಯಾವ ತಿಂಡಿಗೆ ಅಲ್ಲಿ ಪ್ರವೇಶವಿದೆ ಎಂದು ಮೊದಲು ವಿಚಾರಿಸಿ.

ಪೊಟ್ಟಣ ಬಿಚ್ಚುವ ದಿನವೇ ಯಂತ್ರದ ಪರೀಕ್ಷೆಯೂ ಆಗುತ್ತದೆ. ಇಬ್ಬರದ್ದೂ ಮೆತ್ತಗಾಗಿದ್ದರೆ ಕೊರಿಯರ್‌ನವರದ್ದೇನೂ ತಪ್ಪಿಲ್ಲ, ಸೀಲ್ ಮಾಡುವಾಗಲೇ ತಿಂಡಿ ಬೆಚ್ಚಗಿತ್ತು ಅಥವಾ ಕರಿದದ್ದು ಸಾಲದು. ಅಲ್ಲಿಯದ್ದು ಮಾತ್ರ ಮೆತ್ತಗಾಗಿ ಪೊಟ್ಟಣವೂ ಸಡಿಲವಿದ್ದರೆ ದಾರಿಯಲ್ಲಿ ಸೋರಿದೆ. ಪೊಟ್ಟಣ ಬಿಗಿಯಾಗಿದ್ದೂ ಕಮಟು ವಾಸನೆ ಬಂದರೆ ಬಿಸಿಲಿನ ಗೋದಾಮಿನಲ್ಲಿ ಕಾದಿರಬಹುದು. ಇಬ್ಬರದ್ದೂ ಕಮಟಾಗಿದ್ದರೆ ಹಳೆಯ ಎಣ್ಣೆಯನ್ನೇ ಮತ್ತೆ ಕಾಯಿಸಿದ್ದೀರಿ, ಅದನ್ನು ಯಾವ ಸೀಲೂ ತಡೆಯದು. ಬಿಚ್ಚಿದ ತಕ್ಷಣ ಮೂಸಿ ನೋಡಿ, ಆಮೇಲೆ ಹತ್ತು ನಿಮಿಷ ತಟ್ಟೆಯಲ್ಲಿ ಹರಡಿಟ್ಟು ತಿನ್ನಿ. ಒತ್ತಿಟ್ಟ ತಿಂಡಿಗೆ ಉಸಿರು ಬರಲು ಅಷ್ಟು ಹೊತ್ತು ಬೇಕು. ಮುರಿಯುವ ಸದ್ದನ್ನು ಫೋನಿನ ಹತ್ತಿರ ಹಿಡಿದು ಕೇಳಿಸಿ. ಗರಿಗರಿಯ ವ್ಯತ್ಯಾಸ ಮಾತಿಗಿಂತ ಚೆನ್ನಾಗಿ ಅಲ್ಲಿ ತಿಳಿಯುತ್ತದೆ.

ಕೊಳ್ಳುವಾಗ ಅಂಗಡಿಯಲ್ಲೇ ಮುಚ್ಚಳ ತೆರೆದು ನೋಡಿ. ಗ್ಯಾಸ್ಕೆಟ್ ಬೆರಳಲ್ಲಿ ಎತ್ತಿ ತೊಳೆಯುವಂತಿರಬೇಕು, ಬಿಸಿ ತಂತಿಯ ಮೇಲಿನ ಟೆಫ್ಲಾನ್ ಪಟ್ಟಿ ಮತ್ತು ಗ್ಯಾಸ್ಕೆಟ್ ಎರಡೂ ಬಿಡಿಯಾಗಿ ಸಿಗುವಂತಿರಬೇಕು. ಬೇಗ ಸವೆಯುವುದು ಇವೆರಡೇ. ಕೆಲಸ ಮುಗಿದ ಮೇಲೆ ಮುಚ್ಚಳದ ಕೊಂಡಿ ಹಾಕದೆ ಎತ್ತಿಡಿ. ಕೊಂಡಿ ಬಿಗಿದೇ ಇಟ್ಟರೆ ಗ್ಯಾಸ್ಕೆಟ್ ಚಪ್ಪಟೆಯಾಗಿ, ಮುಂದಿನ ಪಾರ್ಸೆಲ್ಲಿನ ಹೊತ್ತಿಗೆ ಗಾಳಿ ಹಿಡಿಯುವುದಿಲ್ಲ.